ಸುಳ್ಯದ ದಾರಿಗೆ ಹೈಬ್ರಿಡ್ ಕಾರು: ಟೈರು ಯಾವುದು ಹಾಕಿಸಲಿ?

ಗಣಿತದ ಮೇಷ್ಟ್ರು, ಮೈಸೂರು

ನಮ್ಮದು 2022ರ ಹೋಂಡಾ ಸಿಟಿ ಹೈಬ್ರಿಡ್. 41 ಸಾವಿರ ಕಿಲೋಮೀಟರ್ ಓಡಿದೆ. ಮೊದಲಿನಿಂದ ಇದ್ದ 185/55 ಆರ್16 (ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 55, ರಿಮ್ 16 ಇಂಚು) ಟೈರುಗಳು ಗುರುತಿನ ಮಟ್ಟಕ್ಕೆ ಸವೆದಿವೆ. ಮಳೆ ಹಿಡಿಯುವ ಮೊದಲು ಬದಲಿಸಲೇಬೇಕು. ತಿಂಗಳಿಗೆ ಎರಡು ಸಲ ಮಡಿಕೇರಿ, ಸಂಪಾಜೆ ದಾಟಿ ಸುಳ್ಯದ ಮಾವನ ಮನೆಗೆ ಹೋಗುತ್ತೇವೆ.

ಘಾಟಿಯ ತಿರುವಿನಲ್ಲಿ ಕಾರು ನಾನು ಹೇಳಿದ ಗೆರೆಯಲ್ಲೇ ಹೋಗಬೇಕೆಂಬುದು ನನ್ನ ಆಸೆ. ಹಿಂದಿನ ಸೀಟಿನಲ್ಲಿ ಅಮ್ಮ ಇರುತ್ತಾರೆ. ಅವರಿಗೆ ಸೊಂಟನೋವು, ಹುಣಸೂರು ದಾಟುವಷ್ಟರಲ್ಲಿ ಎಷ್ಟು ಹಂಪ್ ಹಾರಿಸಿದೆ ಎಂಬ ಲೆಕ್ಕ ಒಪ್ಪಿಸುತ್ತಾರೆ. ನನ್ನ ಹೆಂಡತಿ ಘಾಟಿಯ ನಡುವಿನ ಜೋಡುಪಾಲ ಬರುವ ಹೊತ್ತಿಗೆ ಕಿಟಕಿ ಇಳಿಸಿ, ನಿಂಬೆಹಣ್ಣು ಮೂಸುತ್ತ ಕೂತಿರುತ್ತಾಳೆ. ಇದರ ಜೊತೆಗೆ ನನ್ನ ಪೆಟ್ರೋಲ್ ಡೈರಿ ಬೇರೆ ಇದೆ. ಪ್ರತಿ ಸಲ ಟ್ಯಾಂಕ್ ತುಂಬಿಸಿ ಬರೆದಿಟ್ಟ ಲೆಕ್ಕದಲ್ಲಿ ಊರೊಳಗೆ ಲೀಟರಿಗೆ 21, ಸುಳ್ಯದ ದಾರಿಯಲ್ಲಿ 22.5. ಕಂಪನಿ ಹೇಳಿದ ಮೈಲೇಜ್ ಪರೀಕ್ಷೆಯ ಅಂಕಿ 26.5 ಇರಲಿ, ನನ್ನ ಕಾಲಿಗೆ ಅಷ್ಟು ಶಿಸ್ತಿಲ್ಲ.

ಅಂಗಡಿಯವರು 195/55 ಹಾಕಿಸಿ, ಹಿಡಿತವೂ ಬರುತ್ತದೆ, ಮೆತ್ತಗೂ ಆಗುತ್ತದೆ ಎನ್ನುತ್ತಾರೆ. ಒಪ್ಪಲೇ?

ಕಾಫಿತೋಟ

ಬೇಡ ಸರ್. ನಾನು ಬೇರೊಂದು ಹೈಬ್ರಿಡ್ ಕಾರಿಗೆ ಅಂಥದೇ ಮಾತು ಕೇಳಿ ಎರಡು ಅಳತೆ ದೊಡ್ಡ ಟೈರು ಹಾಕಿಸಿ ಅನುಭವಿಸಿದ್ದೇನೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆಲ್ಲೋ ಕರಕರ ಉಜ್ಜುತ್ತಿತ್ತು. ಮೈಲೇಜ್ ಬಿತ್ತು. ನೋಡಲು ಚೆನ್ನಾಗಿತ್ತು ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಕೊನೆಗೆ ಆರು ತಿಂಗಳ ಟೈರನ್ನು ಅರ್ಧ ಬೆಲೆಗೆ ಕೊಟ್ಟು ಹಳೆಯ ಅಳತೆಗೇ ಮರಳಿದೆ.

ಚಕ್ರವ್ಯೂಹ

ಮೇಷ್ಟ್ರೇ, ನಿಮಗೆ ಲೆಕ್ಕದಲ್ಲೇ ಹೇಳುತ್ತೇನೆ. 185/55 ಆರ್16 ಚಕ್ರದ ವ್ಯಾಸ ಸುಮಾರು 610 ಮಿಲಿಮೀಟರ್. 195/55 ಆದರೆ 621. ಹತ್ತಿರ ಹತ್ತಿರ ಶೇಕಡಾ 1.8 ಹೆಚ್ಚು. ಓಡೋಮೀಟರಿಗೆ ಇದು ಗೊತ್ತಾಗುವುದಿಲ್ಲ. ನೀವು ನಿಜಕ್ಕೂ 102 ಕಿಲೋಮೀಟರ್ ಹೋದರೂ ಅದು 100 ಎಂದೇ ತೋರಿಸುತ್ತದೆ, ಹೆಚ್ಚೂ ಕಡಿಮೆ. ಡೈರಿಯಲ್ಲಿ ಮೈಲೇಜ್ ಬಿದ್ದಂತೆ ಕಾಣುತ್ತದೆ, ಬೈಗುಳ ಟೈರಿಗೆ. ಅದೇ ಅಳತೆಯ ಹೊಸ ಟೈರಿಗೂ ಇದು ಸ್ವಲ್ಪ ಅನ್ವಯಿಸುತ್ತದೆ, ಏಕೆಂದರೆ ಸವೆದ ಟೈರಿನ ಸುತ್ತಳತೆ ಕಡಿಮೆ. ಹೊಸದರ ದಪ್ಪ ರಬ್ಬರು ಉರುಳುವಾಗ ಹೆಚ್ಚು ಶಕ್ತಿಯನ್ನೂ ತಿನ್ನುತ್ತದೆ. ಮೊದಲ ಎರಡು ಮೂರು ಟ್ಯಾಂಕಿನ ಅಂಕಿ ನೋಡಿ ಗಾಬರಿಯಾಗಬೇಡಿ.

ಫ್ರಿಜ್ಜಿನ ಮೇಲಿರುವಂಥ ನಕ್ಷತ್ರದ ಚೀಟಿ ಈಗ ಕೆಲವು ಟೈರುಗಳಿಗೂ ಇದೆ. ಅದು ಉರುಳುವಾಗಿನ ತಡೆ ಎಷ್ಟು ಕಡಿಮೆ ಎಂಬುದನ್ನು ಹೇಳುತ್ತದೆ. ಜುಲೈ ತಿಂಗಳಲ್ಲಿ ಸಂಪಾಜೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಎಲ್ಲಿ ನಿಲ್ಲುತ್ತೀರಿ ಎಂಬುದನ್ನಲ್ಲ. ನಿಮ್ಮ ದಾರಿಗೆ ಒದ್ದೆ ರಸ್ತೆಯ ಹಿಡಿತ ಮೊದಲು, ಮೈಲೇಜ್ ಆಮೇಲೆ. ಲೀಟರಿಗೆ ಅರ್ಧ ಕಿಲೋಮೀಟರ್ ಹೋದರೆ ಹೋಗಲಿ.

ಈ ಕಾರಿನ ಬ್ಯಾಟರಿ ಡಿಕ್ಕಿಯ ಕೆಳಗಿದೆ. ಪೆಟ್ರೋಲ್ ಸಿಟಿಗಿಂತ ನೂರು ಕಿಲೋಗೂ ಹೆಚ್ಚು ಭಾರ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಬಾಗಿ, ತಿರುವಿನಲ್ಲಿ ಹಿಂಭಾಗ ಒಂದು ಕ್ಷಣ ತಡವಾಗಿ ಬಂದಂತೆ ಅನಿಸುತ್ತದೆ. ಅಮ್ಮನ ಸೊಂಟಕ್ಕೆಂದು ಗಾಳಿ ಇಳಿಸಬೇಡಿ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟನ್ನೇ, ಬೆಳಿಗ್ಗೆ ಟೈರು ತಣ್ಣಗಿರುವಾಗ ಹೊಡೆಸಿ. ಅಮ್ಮನನ್ನು ಮುಂದಿನ ಸೀಟಿಗೆ ಕರೆತನ್ನಿ. ಹಿಂದಿನ ಸೀಟು ಹಿಂಚಕ್ರದ ಹತ್ತಿರ, ಏಟು ಅಲ್ಲೇ ಹೆಚ್ಚು.

ಮಡಿಕೇರಿ ಮಂಜು

ಮುಂದಿನ ಸೀಟು ಅಮ್ಮನಿಗೆ ಕೊಟ್ಟರೆ ವಾಂತಿ ಬರುವವರು ಎಲ್ಲಿ ಕೂರಬೇಕು ಅಣ್ಣಾ? ನನಗೂ ಅದೇ ಕಾಯಿಲೆ, ನಾನೇ ಓಡಿಸಿದರೆ ಮಾತ್ರ ಬರುವುದಿಲ್ಲ. ಮೇಷ್ಟ್ರೇ, ಮಡಿಕೇರಿಯಿಂದ ಕೆಳಗೆ ಸ್ಟೇರಿಂಗನ್ನು ಅವರ ಕೈಗೇ ಕೊಟ್ಟು ನೋಡಿ.

ಕೊಡಲು ಮನಸ್ಸಿಲ್ಲದಿದ್ದರೆ ಕಾಲನ್ನಾದರೂ ಸರಿಪಡಿಸಿಕೊಳ್ಳಿ. ಹೈಬ್ರಿಡ್‌ನಲ್ಲಿ ಆಕ್ಸಿಲರೇಟರಿನಿಂದ ಕಾಲನ್ನು ತಟ್ಟನೆ ತೆಗೆದರೆ ಮೋಟರು ಬ್ಯಾಟರಿ ತುಂಬಿಸಲು ಚಕ್ರವನ್ನು ತಡೆಯುವುದರಿಂದ ಕಾರು ಮುಗ್ಗರಿಸಿದಂತಾಗುತ್ತದೆ; ಹಿಂದೆ ಕೂತವರ ಹೊಟ್ಟೆ ತೊಳಸುವುದು ಅದಕ್ಕೇ. ತಿರುವಿಗೆ ಮುಂಚೆಯೇ ಸ್ಟೇರಿಂಗಿನ ಹಿಂದೆ ಎಡಗಡೆಯಿರುವ, ಈ ತಡೆ ಹೆಚ್ಚಿಸುವ ಪ್ಯಾಡಲನ್ನು ಬೆರಳಿನಿಂದ ಎಳೆದು ವೇಗ ಇಳಿಸಿಕೊಂಡು, ತಿರುವಿನೊಳಗೆ ಕಾಲನ್ನು ಒಂದೇ ಸಮ ಇಡಿ. ಕಾರೂ ನಿಮ್ಮ ಗೆರೆಯಲ್ಲಿ ಹೋಗುತ್ತದೆ, ಬ್ಯಾಟರಿಯೂ ತುಂಬುತ್ತದೆ.

ಎಷ್ಟು ಬೇಗ ತುಂಬುತ್ತದೆ ನೋಡಿ. ಸುಳ್ಯಕ್ಕೆ ಸುಮಾರು ಸಾವಿರ ಮೀಟರ್ ಇಳಿಯುತ್ತೀರಿ. ಜನರೂ ಸೇರಿ ಒಂದೂವರೆ ಟನ್ ಎಂದರೆ ಹತ್ತಿರ ನಾಲ್ಕು ಯೂನಿಟ್ ಶಕ್ತಿ. ನಿಮ್ಮ ಬ್ಯಾಟರಿ ಹಿಡಿಯುವುದು ಒಂದು ಯೂನಿಟ್‌ಗಿಂತ ಕಡಿಮೆ. ಅದು ತುಂಬಿದ ಮೇಲೆ ಹೆಚ್ಚಿನ ವಿದ್ಯುತ್ತನ್ನು ಕರಗಿಸಲು ಕಾರು ಎಂಜಿನನ್ನು ಸುಮ್ಮನೆ ತಿರುಗಿಸುತ್ತದೆ. ಕಾಲು ತೆಗೆದಿದ್ದರೂ ಎಂಜಿನ್ ಕೂಗಿದರೆ ಕೆಟ್ಟಿತೆಂದು ತಿಳಿಯಬೇಡಿ.

ಗಣಿತದ ಮೇಷ್ಟ್ರು, ಮೈಸೂರು

ಅಯ್ಯೋ, ಆ ಕೂಗಿಗೆ ಹೆದರಿ ಒಮ್ಮೆ ಕಾರು ನಿಲ್ಲಿಸಿ ಬಾನೆಟ್ ಎತ್ತಿ ನೋಡಿದ್ದೇನೆ. ಇದನ್ನು ಮನೆಯಲ್ಲಿ ಹೇಳುವುದಿಲ್ಲ.

ಟೈರು ಹಾಕಿಸಿದೆ. ಅದೇ 185/55, ಒದ್ದೆ ರಸ್ತೆಗೆ ಒಳ್ಳೆಯದೆಂದು ಹೆಸರಾದದ್ದು. ನಿನ್ನೆ ಹೋಗಿ ಬಂದೆವು. ಹೋಗುವಾಗ 21.7. ಹೇಳಿದ ಹಾಗೆಯೇ ಬಿದ್ದಿದೆ, ಗಾಬರಿಯಾಗಿಲ್ಲ. ತಿರುವಿನಲ್ಲಿ ಹಳೆಯ ಟೈರಿನ ಚೀರಾಟ ಹೋಗಿದೆ. ಹಂಪ್ ಮಾತ್ರ ಹಾಗೇ ಇದೆ; ಅಮ್ಮನಿಗೆ ಮುಂದಿನ ಸೀಟಿನಿಂದ ಅವು ಮೊದಲೇ ಕಾಣುವುದರಿಂದ ಈಗ ಮುಂಗಡವಾಗಿಯೇ ಬೈಯುತ್ತಾರೆ. ಮಡಿಕೇರಿಯಲ್ಲಿ ಕಾಫಿ ಕುಡಿದು ಸ್ಟೇರಿಂಗನ್ನು ಹೆಂಡತಿಗೆ ಕೊಟ್ಟೆ. ಜೋಡುಪಾಲದಲ್ಲಿ ನಿಂಬೆಹಣ್ಣು ಮೂಸಿದ್ದು ನಾನು.

ಬರುವಾಗಿನ ಅಂಕಿ ಡೈರಿಯಲ್ಲಿ ಬರೆದಿಲ್ಲ. ಪೆಟ್ರೋಲ್ ಸಿಟಿಯ 506 ಲೀಟರ್ ಡಿಕ್ಕಿ ಹೈಬ್ರಿಡ್‌ನಲ್ಲಿ 306ಕ್ಕೆ ಇಳಿದಿದೆಯೆಂದು ಮಾವನಿಗೆ ವಿವರಿಸುತ್ತಿರುವಾಗಲೇ ಅವರು ಅದರಲ್ಲಿ ಅರವತ್ತು ತೆಂಗಿನಕಾಯಿ, ಎರಡು ಹಲಸಿನ ಹಣ್ಣು ತುಂಬಿಸಿ ಮುಚ್ಚಿದ್ದರು.