ಕಡಲಲ್ಲಿ ಗಾಳ ಹಾಕೋಕೆ ಯಾವ ಕಯಾಕ್ ತಗೊಳ್ಳಲಿ? ಹುಟ್ಟಿನದಾ, ಪೆಡಲ್‌ದಾ?

ಪಟ್ಟಣದ ಗಾಳ:

ಎಲ್ಲರಿಗೂ ನಮಸ್ಕಾರ. ನನ್ನ ಊರು ಶ್ರೀರಂಗಪಟ್ಟಣ. ಎರೆಹುಳು, ಹಿಟ್ಟಿನ ಉಂಡೆ ಕಟ್ಟಿ ಕಾವೇರಿಯಲ್ಲಿ ಗಾಳ ಹಾಕಿಕೊಂಡೇ ಬೆಳೆದವನು. ಜಿಲೇಬಿ, ರೋಹು, ಅದೃಷ್ಟ ಇದ್ದರೆ ಒಂದು ಕಾಟ್ಲಾ. ಅಷ್ಟರಲ್ಲೇ ಖುಷಿಯಾಗಿದ್ದೆ. ಅಕ್ಕನ ಮನೆ ಸುರತ್ಕಲ್‌ನಲ್ಲಿ. ಹೋದ ಚಳಿಗಾಲದಲ್ಲಿ ಭಾವ ಪರಿಚಯದವರ ನಾಡದೋಣಿಯಲ್ಲಿ ಕರೆದುಕೊಂಡು ಹೋದರು. ಒಂದು ಅಂಜಲ್ ಮೀನು ಕಚ್ಚಿ ರೀಲಿನ ದಾರ ಎಳೆದುಕೊಂಡು ಓಡಿತು ನೋಡಿ, ಅಲ್ಲಿಂದ ತಲೆ ಕೆಟ್ಟಿದೆ. ಈಗ ನನ್ನದೇ ಒಂದು ಕಯಾಕ್ ಬೇಕು, ಅದೇ ಒಬ್ಬಿಬ್ಬರು ಕೂರುವ ಸಣ್ಣ ದೋಣಿ.

ತೊಂದರೆ ಏನಂದರೆ, ಬೈಕಿನಿಂದ ಬಿದ್ದು ಬಲ ಭುಜಕ್ಕೆ ಏಟಾಗಿತ್ತು. ಈಗಲೂ ಜಾಸ್ತಿ ಹೊತ್ತು ಕೈ ಎತ್ತಿ ಕೆಲಸ ಮಾಡಿದರೆ ರಾತ್ರಿ ನೋವು ಬರುತ್ತದೆ. ಕಾಲು ಗಟ್ಟಿ, ದಿನಾ ಸೈಕಲ್ ತುಳಿಯುತ್ತೇನೆ. ಅದಕ್ಕೇ ಪೆಡಲ್ ಕಯಾಕ್ ಕಡೆ ಮನಸ್ಸು. ಆದರೆ ಬೆಲೆ ಹುಟ್ಟಿನದಕ್ಕಿಂತ ದುಪ್ಪಟ್ಟಿಗೂ ಮೇಲೆ, ತೂಕವೂ ಜಾಸ್ತಿ. ನನ್ನದು ಸಣ್ಣ ಕಾರು. ಅದರ ತಲೆ ಮೇಲೆ ಕಟ್ಟಿಕೊಂಡು ಸಂಪಾಜೆ ಘಾಟಿ ಇಳಿಯಬೇಕು. ರಜೆ ಇಲ್ಲದ ವಾರ ಮೀನಾಕ್ಷಿಪುರದ ಕೆಆರ್‌ಎಸ್ ಹಿನ್ನೀರಿಗೂ ಅದನ್ನೇ ಇಳಿಸೋಣ ಅಂತ ಆಸೆ. ಎರಡನ್ನೂ ಬಳಸಿದವರು ಯಾರಾದರೂ ಹೇಳಿ.

ಚಾಮುಂಡಿಪುರಂ ಸವಾರ:

ಗುರುವೇ, ಇದರಲ್ಲಿ ಯೋಚನೆ ಮಾಡೋದು ಏನಿದೆ? ಕಣ್ಣು ಮುಚ್ಚಿಕೊಂಡು ಪೆಡಲ್ ತಗೊಳ್ಳಿ. ತೋಳಿಗಿಂತ ತೊಡೆಗೆ ಶಕ್ತಿ ಜಾಸ್ತಿ, ಎರಡೂ ಕೈ ಖಾಲಿ, ಮೀನು ಹಿಡಿಯೋಕೆ ಇನ್ನೇನು ಬೇಕು? ದುಡ್ಡು ಹೋದರೆ ಸಂಪಾದಿಸಬಹುದು, ಭುಜ ಹೋದರೆ ಏನು ಮಾಡುತ್ತೀರಿ?

ಮಲ್ಪೆಯ ಮೈಸೂರಿಗ:

ಸ್ವಲ್ಪ ತಡೀರಿ ಮಾರಾಯ್ರೆ. ನನ್ನ ಊರು ಮಲ್ಪೆ ಹತ್ತಿರ, ಹೊಟ್ಟೆಪಾಡು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ನನ್ನ ಹತ್ತಿರ ಎರಡೂ ಇವೆ. ಹುಟ್ಟಿನದು ಮೈಸೂರಿನ ಮನೆಯಲ್ಲಿ, ಪೆಡಲ್‌ದು ಊರಲ್ಲಿ.

ಮೊದಲು ಪೆಡಲ್‌ನ ಪರವಾಗಿ ಹೇಳುತ್ತೇನೆ. ಅಂಜಲ್ ಹಿಡಿಯಬೇಕಾದರೆ ಹಿಂದೆ ದಾರ ಬಿಟ್ಟುಕೊಂಡು ಒಂದೇ ಸಮ ಹೋಗುತ್ತಾ ಇರಬೇಕು, ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ. ಹುಟ್ಟು ಹಾಕುತ್ತಿರುವಾಗ ಮೀನು ಕಚ್ಚಿತು ಅಂದುಕೊಳ್ಳಿ. ಹುಟ್ಟನ್ನು ತೊಡೆ ಮೇಲೆ ಇಡಬೇಕು, ತಿರುಗಿ ಹೋಲ್ಡರ್‌ನಿಂದ ರಾಡ್ ಕೀಳಬೇಕು. ಅಷ್ಟರಲ್ಲಿ ಕಯಾಕ್ ನಿಧಾನ ಆಗಿರುತ್ತದೆ, ದಾರ ಸಡಿಲ ಆಗಿರುತ್ತದೆ. ಅಂಜಲ್ ಬಾಯಿಂದ ಕೊಕ್ಕೆ ಕಳಚುವುದೇ ಆ ಎರಡು ಮೂರು ಸೆಕೆಂಡಿನಲ್ಲಿ. ಪೆಡಲ್‌ನಲ್ಲಿ ಕಾಲು ನಿಲ್ಲಿಸದೆ ಎರಡೂ ಕೈಯಲ್ಲಿ ರಾಡ್ ಹಿಡಿಯಬಹುದು. ನೀರಿನ ಅಡಿ ಕಲ್ಲು ಇರುವ ಕಡೆ ನಿಂತು ಗಾಳ ಬಿಡುವಾಗಲೂ ಅಷ್ಟೇ. ಸೆಳೆತಕ್ಕೆ ಎದುರಾಗಿ ಮೆಲ್ಲಗೆ ತುಳಿದುಕೊಂಡು ಜಾಗ ಬಿಡದೆ ನಿಲ್ಲಬಹುದು. ಹುಟ್ಟಿನದರಲ್ಲಿ ಇದು ಆಗೋದೇ ಇಲ್ಲ ಅಂತಲ್ಲ, ಆದರೆ ಹುಟ್ಟು ಒಂದು ಕೈ, ರಾಡ್ ಒಂದು ಕೈ ಅಂತ ಸರ್ಕಸ್ ಆಗುತ್ತದೆ.

ಆದರೆ ಗೌಡ್ರೇ, ಮೀನು ಇರುವ ಜಾಗಕ್ಕೆ ಮೊದಲು ತಲುಪಬೇಕಲ್ವಾ? ಸುರತ್ಕಲ್ ತೆರೆದ ಕಡಲು. ದಡದಲ್ಲೇ ಅಲೆ ಒಡೆಯುತ್ತದೆ. ಪೆಡಲ್ ಕಯಾಕಿನ ಡ್ರೈವ್, ಅಂದರೆ ತುಳಿದಾಗ ದೋಣಿಯನ್ನು ಮುಂದೆ ತಳ್ಳುವ ಭಾಗ, ತಳದಿಂದ ಒಂದೂವರೆ ಅಡಿಯಷ್ಟು ಕೆಳಗೆ ನೇತಾಡುತ್ತಿರುತ್ತದೆ. ಮೊಣಕಾಲು ನೀರಿನಲ್ಲಿ ಅದನ್ನು ಇಳಿಸುವ ಹಾಗೇ ಇಲ್ಲ. ಅಂದರೆ ದಡದಿಂದ ಅಲೆ ದಾಟುವ ತನಕ ನೀವು ಹುಟ್ಟೇ ಹಾಕಬೇಕು, ಅದೂ ಜೋರಾಗಿ. ವಾಪಸು ಬರುವಾಗ ಇನ್ನೂ ಕಷ್ಟ. ಹಿಂದಿನಿಂದ ಬಂದ ಅಲೆ ಕಯಾಕನ್ನು ಅಡ್ಡ ತಿರುಗಿಸುತ್ತದೆ. ಆಗ ಡ್ರೈವ್ ಕೆಳಗೇ ಇದ್ದರೆ ಮರಳಿಗೆ ಹೂತು ಬಗ್ಗಿ ಹೋಗುತ್ತದೆ, ನೀವು ಮಗುಚುತ್ತೀರಿ. ಅಲೆ ಒಡೆಯುವ ಸಾಲಿಗೆ ಮುಂಚೆಯೇ ನಿಂತು ಡ್ರೈವ್ ಎತ್ತಿ, ಚುಕ್ಕಾಣಿ ಎತ್ತಿ, ರಾಡ್‌ಗಳನ್ನೆಲ್ಲ ಮಲಗಿಸಿ ಕಟ್ಟಿ, ಆಮೇಲೆ ಹುಟ್ಟಿನಲ್ಲೇ ದಡ ಸೇರಬೇಕು.

ಅಲೆ ಬೇಡ, ಅಳಿವೆಯಿಂದ ಹೋಗುತ್ತೇನೆ ಅಂತ ಭಾವ ಹೇಳಬಹುದು. ಅಲ್ಲಿಂದ ಹತ್ತಿರ ಇರುವುದು ಸಸಿಹಿತ್ಲು, ನಂದಿನಿ ಮತ್ತು ಶಾಂಭವಿ ಕಡಲು ಸೇರುವ ಜಾಗ. ಸರ್ಫಿಂಗ್ ಸ್ಪರ್ಧೆ ನಡೆಸುವ ಊರು ಅದು, ಅಲೆ ಎಂಥದ್ದು ಅಂತ ನೀವೇ ಲೆಕ್ಕ ಹಾಕಿ. ನೀರು ಇಳಿಯುವ ಹೊತ್ತಿನಲ್ಲಿ ಹೊಳೆ ಹೊರಗೆ ನುಗ್ಗುತ್ತದೆ, ಅಲೆ ಒಳಗೆ ನುಗ್ಗುತ್ತದೆ, ಅಳಿವೆ ಬಾಗಿಲಿನಲ್ಲಿ ನೀರು ಗೋಡೆ ಥರ ಎದ್ದು ನಿಲ್ಲುತ್ತದೆ. ಉಬ್ಬರ ತುಂಬಿ ನೀರು ನಿಂತಾಗ ಮಾತ್ರ ದಾಟಬೇಕು. ಅಲ್ಲಿನ ಮೀನುಗಾರರನ್ನು ಕೇಳದೆ ಇಳಿಯಲೇಬೇಡಿ.

ಇನ್ನು ಗಾಳಿ. ಚಳಿಗಾಲದ ಬೆಳಗ್ಗೆ ಘಟ್ಟದ ಕಡೆಯಿಂದ ಗಾಳಿ ಬೀಸುತ್ತದೆ. ಕಡಲು ಎಣ್ಣೆ ಹುಯ್ದ ಹಾಗೆ ಕಾಣುತ್ತದೆ, ಕಯಾಕ್ ತಾನಾಗೇ ಹೊರಗೆ ಹೋಗುತ್ತದೆ. ಆಹಾ ಎಷ್ಟು ಸುಲಭ ಅನಿಸುತ್ತದೆ. ತಿರುಗಿದಾಗ ಅದೇ ಗಾಳಿ ಎದೆಗೆ. ಮಧ್ಯಾಹ್ನ ಕಡಲ ಗಾಳಿ ಎದ್ದರೆ ದಡದ ಕಡೆ ತಳ್ಳುತ್ತದೆ ನಿಜ, ಆದರೆ ನೀರು ಕದಡಿ ಅಲೆ ದೊಡ್ಡದಾಗಿರುತ್ತದೆ. ಎದುರು ಗಾಳಿಯಲ್ಲಿ ಪೆಡಲ್ ನಿಮ್ಮ ಭುಜವನ್ನು ಉಳಿಸುತ್ತದೆ, ಅದು ಖಂಡಿತ. ಡ್ರೈವ್ ಕೈಕೊಟ್ಟರೆ? ಆಗ ಅದೇ ಭುಜದಲ್ಲಿ 34 ಇಂಚು ಅಗಲದ, ಭಾರದ ದೋಣಿಯನ್ನು ಹುಟ್ಟು ಹಾಕಿಕೊಂಡು ಬರಬೇಕು.

ಆದ್ದರಿಂದ ಚಾಮುಂಡಿಪುರಂನವರು ಹೇಳಿದ ಹಾಗೆ ಕಣ್ಣು ಮುಚ್ಚಿಕೊಂಡು ತಗೊಳ್ಳಬೇಡಿ. ಯಾರದಾದರೂ ಸಾದಾ ಕಯಾಕ್ ಕೇಳಿ ಪಡೆದು ಮೀನಾಕ್ಷಿಪುರದಲ್ಲಿ ಗಾಳಿಗೆ ಎದುರಾಗಿ, ಎಲ್ಲೂ ನಿಲ್ಲಿಸದೆ, ಎರಡು ಕಿಲೋಮೀಟರ್ ಹುಟ್ಟು ಹಾಕಿ. ಮಾರನೇ ದಿನ ಭುಜ ಹೇಗಿದೆ ನೋಡಿ. ಬೇಕಂತಲೇ ಮಗುಚಿ, ನೀರಿನಿಂದ ಮತ್ತೆ ಹತ್ತಿ ಕೂರೋಕೆ ಆಗುತ್ತದಾ ನೋಡಿ. ಇವೆರಡೂ ಆಗದಿದ್ದರೆ ಪೆಡಲ್ ಇದ್ದರೂ ಒಬ್ಬರೇ ಕಡಲಿಗೆ ಹೋಗಬೇಡಿ, ಭಾವನ ಜೊತೆ ಎರಡು ಸೀಟಿನದು ನೋಡಿ. ಎರಡೂ ಆಯ್ತು ಅಂದರೆ ಧೈರ್ಯವಾಗಿ ಪೆಡಲ್ ತಗೊಳ್ಳಿ, ನಿಮ್ಮ ಭುಜಕ್ಕೆ ಅದೇ ಸರಿ. ಹಿನ್ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಗಾಳ ಹಾಕುವ ಮುಂಚೆ ವಿಚಾರಿಸಿ.

ತೂಕದ ವಿಷಯ. ಹುಟ್ಟಿನದು 25ರಿಂದ 30 ಕೆ.ಜಿ. ಆಸುಪಾಸು. ಹೋಬಿ ಔಟ್‌ಬ್ಯಾಕ್ ಥರದ ಪೆಡಲ್ ಕಯಾಕ್ ಸೀಟು, ಡ್ರೈವ್ ಎಲ್ಲ ಸೇರಿ 45 ದಾಟುತ್ತದೆ. ಅದನ್ನು ಏಟು ತಿಂದ ಭುಜದಲ್ಲಿ ಕಾರಿನ ಮೇಲೆ ಎತ್ತೋದು ಬೇಡವೇ ಬೇಡ. ಸುಮ್ನೆ ಅಕ್ಕನ ಮನೆಯಲ್ಲೇ ಇಟ್ಟುಬಿಡಿ. ನೀವು ರಾಡ್ ಮಾತ್ರ ಹಿಡಿದುಕೊಂಡು ಬಸ್ಸಿನಲ್ಲೂ ಹೋಗಬಹುದು. ಹಿನ್ನೀರಿಗೆ ಬೇಕಾದರೆ ಒಂದು ಹಳೇ ಹುಟ್ಟಿನದು ಸಾಕು.

ಪಟ್ಟಣದ ಗಾಳ:

ಅಬ್ಬಾ, ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣ. ಅಕ್ಕನ ಮನೆಯಲ್ಲಿ ಇಡುವ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಭಾವ ನಾನಿಲ್ಲದಾಗ ತಾವೇ ತಗೊಂಡು ಹೋಗುತ್ತಾರೆ ಅನ್ನೋದು ಬೇರೆ ಮಾತು! ಇನ್ನೊಂದು ಕೇಳಬೇಕು. ಡ್ರೈವ್‌ನಲ್ಲಿ ರೆಕ್ಕೆಯದು ಮತ್ತು ಪ್ರೊಪೆಲ್ಲರ್‌ನದು ಅಂತ ಎರಡು ಥರ ಇದೆಯಂತೆ. ಉಪ್ಪು ನೀರಿಗೆ ಯಾವುದು ತಡೆಯುತ್ತದೆ?

ಗುತ್ತಲು ರೋಡ್ ಗ್ಯಾರೇಜ್:

ಮಂಡ್ಯದಿಂದ ನಮಸ್ಕಾರ ಅಣ್ಣ. ನನ್ನ ಕಸುಬು ಪಂಪ್‌ಸೆಟ್ ರಿಪೇರಿ, ಆದರೆ ಗೆಳೆಯರೊಬ್ಬರ ಎರಡೂ ಥರದ ಡ್ರೈವ್ ಬಿಚ್ಚಿ ಕಟ್ಟಿದ್ದೇನೆ. ರೆಕ್ಕೆಯದನ್ನು ಹೋಬಿ ಕಂಪನಿ 1997ರಲ್ಲಿ ತಂದಿದ್ದು. ಕಾಲನ್ನು ಒಂದಾದ ಮೇಲೆ ಒಂದು ಮುಂದಕ್ಕೆ ಒತ್ತಿದರೆ ಕೆಳಗೆ ಎರಡು ರೆಕ್ಕೆ ಅಕ್ಕಪಕ್ಕ ಆಡುತ್ತವೆ. ಒಂದು ಪೆಡಲ್ ಪೂರ್ತಿ ಮುಂದೆ ಒತ್ತಿ ಹಿಡಿದರೆ ರೆಕ್ಕೆ ತಳಕ್ಕೆ ಅಂಟಿಕೊಳ್ಳುತ್ತವೆ, ಕಡಿಮೆ ನೀರಿಗೆ ಅದು ಅನುಕೂಲ. ಪ್ರೊಪೆಲ್ಲರ್‌ನದು ನಮ್ಮ ಸೈಕಲ್ ಥರಾನೇ, ಹಿಂದಕ್ಕೆ ತುಳಿದರೆ ಹಿಂದಕ್ಕೆ ಹೋಗುತ್ತದೆ. ಹಳೇ ಮಾಡೆಲ್ ರೆಕ್ಕೆಗೆ ಹಿಂದಕ್ಕೆ ಹೋಗುವ ಸೌಲಭ್ಯ ಇಲ್ಲ. ಸೆಕೆಂಡ್ ಹ್ಯಾಂಡ್ ನೋಡುವಾಗ ಇದನ್ನು ಮೊದಲು ಕೇಳಿ.

ಬಲೆ, ದಾರ ಜಾಸ್ತಿ ಇರುವ ಕಡೆ ಪ್ರೊಪೆಲ್ಲರ್ ರಗಳೆ. ನಿಮ್ಮದೇ ಗಾಳದ ದಾರ ಶಾಫ್ಟಿಗೆ ಸುತ್ತಿಕೊಂಡರೆ ಸೀಲಿನ ಒಳಗೆ ನುಗ್ಗಿ ಕೊಯ್ಯುತ್ತದೆ. ಚಾಕು ಕೈಗೆಟುಕುವ ಹಾಗೆ ಕಟ್ಟಿಕೊಳ್ಳಿ. ಉಪ್ಪಿಗೆ ಎರಡೂ ಒಂದೇ. ಅಲ್ಯೂಮಿನಿಯಂಗೆ ಸ್ಟೀಲ್ ಬೋಲ್ಟ್ ಕೂರಿಸಿರುವ ಕಡೆ ಉಪ್ಪು ನೀರು ಸೇರಿದರೆ ಎರಡೂ ಕಚ್ಚಿಕೊಂಡು ಬಿಡುತ್ತವೆ, ಆಮೇಲೆ ತಲೆ ಮುರಿಯದೆ ಬರಲ್ಲ. ಅವತ್ತೇ ಸಿಹಿ ನೀರಿನಲ್ಲಿ ತೊಳೆದು, ಒಣಗಿಸಿ, ಮರೀನ್ ಗ್ರೀಸ್ ಹಾಕಿ. ಮರಳು ಇರುವಾಗಲೇ ಗ್ರೀಸ್ ಹಾಕಿದರೆ ಉಜ್ಜು ಕಾಗದ ಹಾಕಿ ತಿಕ್ಕಿದಂತೆ. ಭಾವನಿಗೂ ಇದನ್ನು ಹೇಳಿಕೊಡಿ, ಅವರೇ ಜಾಸ್ತಿ ಬಳಸೋ ಹಾಗೆ ಕಾಣುತ್ತದೆ.

ಪಟ್ಟಣದ ಗಾಳ:

ಹ್ಹಹ್ಹ, ಭಾವನಿಗೆ ತೋರಿಸುತ್ತೇನೆ. ಸರಿ, ಮೊದಲು ಭುಜದ ಪರೀಕ್ಷೆ. ಪಾಸಾದರೆ ರೆಕ್ಕೆಯ ಪೆಡಲ್. ಹುಟ್ಟು ಎಷ್ಟು ಉದ್ದದ್ದು ಇರಬೇಕು ಅಣ್ಣ?

ಮಲ್ಪೆಯ ಮೈಸೂರಿಗ:

ಅಗಲದ ದೋಣಿ, ಎತ್ತರದ ಸೀಟು. 240 ಸೆಂಟಿಮೀಟರ್‌ಗಿಂತ ಕಡಿಮೆ ಬೇಡ. ಗಿಡ್ಡ ಹುಟ್ಟಾದರೆ ನೀರು ಮುಟ್ಟಿಸೋಕೆ ಪ್ರತಿ ಸಲ ಕೈ ಮೇಲೆತ್ತಬೇಕು, ನಿಮ್ಮ ಭುಜಕ್ಕೆ ಅದೇ ಶತ್ರು. ಮಡಚುವಂಥದ್ದು ತಂದು ಪಕ್ಕಕ್ಕೆ ಹಗ್ಗದಲ್ಲಿ ಕಟ್ಟಿಡಿ, ಚೀಲದ ಒಳಗೆ ತುರುಕಬೇಡಿ.

ಹೊರಡುವ ಹಿಂದಿನ ದಿನ ಇನ್‌ಕಾಯ್ಸ್‌ನವರ ಅಲೆ ಮುನ್ಸೂಚನೆ ನೋಡಿ, ಹೈದರಾಬಾದಿನ ಸಂಸ್ಥೆ, ಪುಕ್ಕಟೆ ಸಿಗುತ್ತದೆ. ಫೋನು ನೀರು ಹೋಗದ ಚೀಲದಲ್ಲಿ ಮೈಮೇಲೇ ಇರಲಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಲೈಫ್ ಜಾಕೆಟ್ ಹಾಕಿಕೊಂಡೇ ದಡ ಬಿಡಿ. ಟ್ರಾಲ್ ಬೋಟಿನವರಿಗೆ ಕಾಣುವ ಹಾಗೆ ಎತ್ತರಕ್ಕೆ ಕೇಸರಿ ಬಾವುಟ ಒಂದು ಸಿಕ್ಕಿಸಿ. ಜೂನ್, ಜುಲೈನ ಮೀನುಗಾರಿಕೆ ನಿಷೇಧ ಯಾಂತ್ರಿಕ ದೋಣಿಗಳಿಗೆ, ನಮಗಲ್ಲ ಅಂತ ಕೆಲವರು ಇಳಿಯುತ್ತಾರೆ. ನೀವು ಸೆಪ್ಟೆಂಬರ್ ಮುಗಿಯೋ ತನಕ ಆ ಕಡೆ ತಲೆ ಹಾಕಬೇಡಿ.

ಮತ್ತೆ, ದುಡ್ಡು ಕೊಡುವ ಮುಂಚೆ ಅಕ್ಕನಿಗೆ ಫೋನ್ ಮಾಡಿ ಗೇಟಿನಿಂದ ಶೆಡ್ಡಿನ ತನಕ ಜಾಗ ಅಳೆಯೋಕೆ ಹೇಳಿ. ಹದಿಮೂರು ಅಡಿ ಉದ್ದದ ವಸ್ತು, ತೆಂಗಿನ ಮರಗಳ ನಡುವೆ ತಿರುಗಬೇಕು.