ನರ್ನ್‌ಸ್ಟ್ ಲೆಕ್ಕ: ನನಗೆ 1.53, ಗೈಡಿನಲ್ಲಿ 1.47. ತಪ್ಪಿದ್ದೆಲ್ಲಿ?

ಹಿಂದಿನಬೆಂಚು:
ಸೆಕೆಂಡ್ ಪಿಯು, ಎಲೆಕ್ಟ್ರೋಕೆಮಿಸ್ಟ್ರಿ. ನಿನ್ನೆ ರಾತ್ರಿಯಿಂದ ಒಂದೇ ನರ್ನ್‌ಸ್ಟ್ ಲೆಕ್ಕ (ಅಯಾನ್‌ಗಳ ಸಾಂದ್ರತೆಯಿಂದ ಸೆಲ್ಲಿನ ವೋಲ್ಟೇಜ್ ಕಂಡುಹಿಡಿಯೋದು) ಹಿಡಿದು ಕೂತಿದ್ದೇನೆ. ಒಂದು ಕಡೆ ಜಿಂಕ್, ಅದರ ಅಯಾನ್ 0.1 ಮೋಲಾರ್. ಇನ್ನೊಂದು ಕಡೆ ಬೆಳ್ಳಿ, ಅದರ ಅಯಾನ್ 0.01 ಮೋಲಾರ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಎಂಎಫ್, ಅಂದ್ರೆ ಸೆಲ್ಲಿನ ವೋಲ್ಟೇಜ್, ಎಷ್ಟು? ಇ ನಾಟ್ (ಅಯಾನ್ 1 ಮೋಲಾರ್ ಇದ್ದಾಗ ಎಲೆಕ್ಟ್ರೋಡಿನ ವೋಲ್ಟೇಜ್) ಬೆಳ್ಳಿಗೆ 0.80, ಜಿಂಕ್‌ಗೆ −0.76. ಕ್ಯಾಥೋಡಿನಿಂದ (ಬೆಳ್ಳಿ) ಆನೋಡ್ (ಜಿಂಕ್) ಕಳೆದರೆ 1.56 ಬಂತು, ಇಲ್ಲಿವರೆಗೂ ಸರಿ ಅಲ್ವಾ? ಆಮೇಲೆ 0.1 ಅನ್ನು 0.01ರಿಂದ ಭಾಗಿಸಿದೆ, 10. ಲಾಗ್ 10 ಅಂದ್ರೆ 1, ಎನ್ (ಕೈ ಬದಲಿಸುವ ಎಲೆಕ್ಟ್ರಾನ್‌ಗಳ ಸಂಖ್ಯೆ) ಬೆಲೆ 2, ಸೂತ್ರದ 0.0591 ಅನ್ನು ಎನ್‌ನಿಂದ ಭಾಗಿಸಿ ಲಾಗ್‌ನಿಂದ ಗುಣಿಸಿದರೆ 0.0296, ಹಾಗಾಗಿ 1.56ರಲ್ಲಿ 0.0296 ಕಳೆದು 1.53 ಬರೆದೆ. ಗೈಡಿನಲ್ಲಿ 1.47. ಗೈಡುಗಳಲ್ಲಿ ಪ್ರಿಂಟ್ ತಪ್ಪು ಹೊಸದಲ್ಲ, ಆದ್ರೂ ಕೇಳಿಬಿಡೋಣ ಅಂತ.

ಉಪ್ಪಿನಡಬ್ಬಿ:
ಎರಡು ಬೆಳ್ಳಿ ಅಯಾನ್ ಬೇಕಲ್ವಾ? 0.80 ಅನ್ನೂ ಎರಡರಿಂದ ಗುಣಿಸಿ ನೋಡಿ.

ಮೇಷ್ಟ್ರಮಗಳು:
ಅಯ್ಯೋ ಬೇಡ! ಇ ನಾಟ್ ಅನ್ನು ಯಾವತ್ತೂ ಗುಣಿಸಬೇಡಿ. ಹಾಲಿನ ರೇಟು ಲೀಟರಿಗೆ ಇಷ್ಟು ಅಂತ ಇರುತ್ತದೆ, ಎರಡು ಲೀಟರ್ ತಗೊಂಡರೆ ದುಡ್ಡು ಜಾಸ್ತಿ ಆಗುತ್ತದೆಯೇ ಹೊರತು ಲೀಟರಿನ ರೇಟು ಬದಲಾಗಲ್ಲ. ವೋಲ್ಟ್ ಕೂಡ ರೇಟೇ, ಒಂದು ಕೂಲಂಬ್‌ಗೆ ಇಷ್ಟು ಜೂಲ್ ಅಂತ. ದುಡ್ಡಿನ ಹಾಗೆ ಹೆಚ್ಚೋದು ಡೆಲ್ಟಾ ಜಿ, ಅಂದ್ರೆ ಕ್ರಿಯೆಯ ಗಿಬ್ಸ್ ಶಕ್ತಿಯ ಬದಲಾವಣೆ.

ಗೈಡ್ ಸರಿಯಾಗಿದೆ. ನೀವು ಸಮೀಕರಣ ಬರೆಯದೆ ನೇರವಾಗಿ ಸೂತ್ರಕ್ಕೆ ಹಾರಿದ್ದೀರಿ. ಮೊದಲು ಬರೆಯಿರಿ: ಜಿಂಕ್ + 2 ಸಿಲ್ವರ್ ಅಯಾನ್ → ಜಿಂಕ್ ಅಯಾನ್ + 2 ಸಿಲ್ವರ್. ಆ 2 ಲಾಗ್ ಒಳಗೆ ಘಾತವಾಗಿ ಹೋಗಬೇಕು. 0.01ರ ವರ್ಗ 0.0001. 0.1 ಅನ್ನು ಅದರಿಂದ ಭಾಗಿಸಿದರೆ 1000, ಲಾಗ್ 3.
ಇ = 1.56 − (0.0591 ÷ 2) × 3 = 1.56 − 0.0887 = 1.47 ವೋಲ್ಟ್.

ಬ್ಯುರೆಟ್ಟು:
ಉತ್ತರ ಸರಿಯಾ ಅಂತ ನೋಡೋಕೆ ಎರಡೂ ಎಲೆಕ್ಟ್ರೋಡ್‌ಗಳನ್ನು ಬೇರೆ ಬೇರೆ ಮಾಡಿ. ಅಯಾನ್ ಹತ್ತು ಪಟ್ಟು ಕಮ್ಮಿಯಾದರೆ ಬೆಳ್ಳಿಯದು 0.0591 ಇಳಿಯುತ್ತದೆ. ಇಲ್ಲಿ 1ರಿಂದ 0.01, ಅಂದ್ರೆ ಎರಡು ಸಲ: 0.80 − 0.1182 = 0.6818. ಜಿಂಕ್ ಎರಡು ಎಲೆಕ್ಟ್ರಾನಿಂದು, ಒಂದು ಸಲಕ್ಕೆ ಅದರ ಅರ್ಧ: −0.76 − 0.0296 = −0.7896. ಕಳೆಯಿರಿ, 1.4714. ನಾನು ಪರೀಕ್ಷೆಯಲ್ಲಿ ರಫ್ ಜಾಗದಲ್ಲಿ ಇದನ್ನೇ ಮಾಡ್ತಿದ್ದೆ, ಅರ್ಧ ನಿಮಿಷ ಸಾಕು.

ಹಿಂದಿನಬೆಂಚು:
ಸುಮ್ನೆ ಗೈಡಿಗೆ ಬೈದೆ! ಇನ್ನೊಂದು ಡೌಟು. ಒಂದೇ ಬೆಳ್ಳಿ ಅಯಾನ್ ಇಟ್ಟು, ಅರ್ಧ ಜಿಂಕ್ ಅಂತ ಬರೆದರೆ? ಆಗ ಎನ್ 1 ಆಗಿಬಿಡುತ್ತದಲ್ಲ.

ಮೇಷ್ಟ್ರಮಗಳು:
ಆಗಲಿ ಬಿಡಿ. 0.1ರ ವರ್ಗಮೂಲ 0.316, ಅದನ್ನು 0.01ರಿಂದ ಭಾಗಿಸಿದರೆ 31.6, ಲಾಗ್ 1.5. 0.0591 × 1.5 = 0.0887. ಮತ್ತೆ 1.47. ಎನ್ ಒಂದು ಸಮೀಕರಣದಿಂದ, ಘಾತ ಇನ್ನೊಂದರಿಂದ ತಗೊಂಡರೆ ಮಾತ್ರ ಎಡವಟ್ಟು. ಉಪ್ಪಿನಡಬ್ಬಿ, ನಿಮ್ಮ ಲೆಕ್ಕದಲ್ಲಿ ಇ ನಾಟ್ 2.36 ಆಗುತ್ತಿತ್ತು ನೋಡಿ!

ಉಪ್ಪಿನಡಬ್ಬಿ:
ನೋಡಿದೆ. ಹೋದ ಟೆಸ್ಟಿನಲ್ಲಿ ಮೂರು ಮಾರ್ಕು ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯಿತು.