ಪ್ರಶ್ನೋತ್ತರ: ಭ್ರಮಾಚಿತ್ರಕ್ಕೆ ಮಗ ಮೋಸಹೋದ, ಹಾಗಾದ್ರೆ ಆಟಿಸಂ ಅಲ್ವಾ?

ಪ್ರಶ್ನೆ: ನಮಸ್ತೆ ಮೇಡಂ. ಮಗನಿಗೆ 8 ವರ್ಷ, ಆಟಿಸಂ ಇದೆ ಅಂತ ಎರಡು ವರ್ಷದ ಹಿಂದೆ ಹೇಳಿದ್ರು. 'ಆಟಿಸಂ ಇರೋರು ಭ್ರಮಾಚಿತ್ರಕ್ಕೆ ಮೋಸಹೋಗಲ್ಲ' ಅಂತ ಒಂದು ರೀಲ್ ನೋಡಿದೆ. ಅದರಲ್ಲಿದ್ದ, ತುದಿಗೆ ಬಾಣ ಇರೋ ಒಂದೇ ಉದ್ದದ ಎರಡು ಗೆರೆ ತೋರಿಸಿದ್ರೆ ಇವನು 'ಕೆಳಗಿಂದು ಉದ್ದ' ಅಂದ. 5 ವರ್ಷದ ಮಗಳು ಮಾತ್ರ, ಒಂದೇ ಅಳತೆಯ ಎರಡು ವೃತ್ತದಲ್ಲಿ ಒಂದರ ಸುತ್ತ ದೊಡ್ಡ ವೃತ್ತ, ಇನ್ನೊಂದರ ಸುತ್ತ ಚಿಕ್ಕ ವೃತ್ತ ಇರೋ ಚಿತ್ರ ನೋಡಿ 'ನಡುವಿನವು ಎರಡೂ ಒಂದೇ' ಅಂದುಬಿಟ್ಟಳು. ಇವನ ರಿಪೋರ್ಟ್ ತಪ್ಪಾ? ಇವಳನ್ನೂ ತೋರಿಸಬೇಕಾ?

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ): ಈ ಚಿತ್ರಗಳ ಕಾರಣಕ್ಕೆ ಮಗನ ರಿಪೋರ್ಟ್ ಮೇಲೆ ಅನುಮಾನವೂ ಬೇಡ, ಮಗಳನ್ನು ತೋರಿಸುವುದೂ ಬೇಡ. ನಮ್ಮಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ, ಆಟಿಸಂ ಅಳೆಯುವ ಭಾರತೀಯ ಮಾಪನದಲ್ಲಿ (ಐಎಸ್‌ಎಎ) 40 ಅಂಶಗಳಿವೆ, ಭ್ರಮಾಚಿತ್ರ ಒಂದೂ ಇಲ್ಲ. ಮಗಳ ವಿಷಯ: ಆ ವೃತ್ತದ ಚಿತ್ರಕ್ಕೆ ಪುಟ್ಟ ಮಕ್ಕಳು ದೊಡ್ಡವರಷ್ಟು ಸುಲಭವಾಗಿ ಬೀಳುವುದಿಲ್ಲ.

ರೀಲ್‌ನವರು ಅರ್ಧ ಕಥೆ ಹೇಳಿದ್ದಾರೆ. 1996ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಫ್ರಾನ್ಸೆಸ್ಕಾ ಹಾಪೆ, ಆಟಿಸಂ ಇರುವ 25 ಮಕ್ಕಳಿಗೆ ಇಂಥ ಚಿತ್ರ ತೋರಿಸಿ 'ಎರಡೂ ಒಂದೇ ಅಳತೆಯಾ, ಬೇರೆಯಾ?' ಎಂದು ಕೇಳಿದರು. ಉಳಿದ ಮಕ್ಕಳಿಗಿಂತ ಇವರು ಕಡಿಮೆ ಮೋಸಹೋದರು. ಸುತ್ತಲಿನದನ್ನು ಬಿಟ್ಟು ಬಿಡಿಭಾಗಕ್ಕೇ ಕಣ್ಣು ನೆಡುವ ಗುಣ ಇದಕ್ಕೆ ಕಾರಣ ಎಂದು ವಿವರಿಸಿದರು. ಆದರೆ ಬಾಣದ ಗೆರೆಯ ಚಿತ್ರಕ್ಕೆ (ಮುಲ್ಲರ್-ಲೈಯರ್ ಅಂತಾರೆ) ಆ ಮಕ್ಕಳೂ ಬಿದ್ದಿದ್ದರು! ರೀಲ್‌ನವರು ಹುಡುಕಿ ಹುಡುಕಿ ಅದನ್ನೇ ಆರಿಸಿದ್ದಾರೆ.

ಮುಂದೆ 1999ರಲ್ಲಿ ರೋಪರ್ ಮತ್ತು ಮಿಚೆಲ್ ಎಂಬ ಸಂಶೋಧಕರು ಬಾಯಿಮಾತಿನ ಉತ್ತರವನ್ನಷ್ಟೇ ನೆಚ್ಚಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಆಕಾರವನ್ನು ಹಿಗ್ಗಿಸಿ, ಕುಗ್ಗಿಸಿ ಇನ್ನೊಂದಕ್ಕೆ ಸರಿಹೊಂದಿಸಲು ಹೇಳಿದರು. ಆಗ ಆಟಿಸಂ ಇದ್ದವರೂ ಇಲ್ಲದವರಷ್ಟೇ ಮೋಸಹೋದರು. 2017ರಲ್ಲಿ ಮ್ಯಾನಿಂಗ್ ತಂಡ ಮೂರು ವಿಧಾನಗಳಲ್ಲಿ ಅಳೆದಾಗಲೂ, ಉತ್ತರ ಹೇಳುವ ರೀತಿಯ ವ್ಯತ್ಯಾಸ ಕಳೆದರೆ, ಕಣ್ಣಿಗೆ ಕಾಣುವುದರಲ್ಲಿ ಫರಕು ಸಿಗಲಿಲ್ಲ.

ನನಗೆ ಪ್ರಶ್ನೆಯ ಮೇಲೇ ಅನುಮಾನ. 'ಒಂದೇನಾ?' ಅಂದರೆ ಕಾಣುವುದನ್ನು ಕೇಳಿದ್ದೋ, ಇರುವುದನ್ನು ಕೇಳಿದ್ದೋ? ನಿಮ್ಮ ಮಗನಂಥವರಿಗೆ ಇದು ಸಣ್ಣ ವಿಷಯವಲ್ಲ. ಎರಡನ್ನೂ ಬಿಡಿಸಿ ಕೇಳಿ ನೋಡಿ.

ಇನ್ನೊಬ್ಬ ಸದಸ್ಯರು: ಆಟಿಸಂ ಇರೋ ನನ್ನ ತಮ್ಮ ಗೋಡೆಯಲ್ಲಿ ಹೊಸ ಮೊಳೆ ಬಂದ್ರೂ ಗುರುತಿಸ್ತಾನೆ. ಅದೂ ಸುಳ್ಳಾ ಮೇಡಂ?

ಉತ್ತರ: ಅದು ಬೇರೆ ಸಂಗತಿ. ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಆಕಾರ ಹುಡುಕುವುದರಲ್ಲಿ ಆಟಿಸಂ ಇರುವ ಮಕ್ಕಳು ಮುಂದಿದ್ದರು ಎಂದು ಶಾ ಮತ್ತು ಫ್ರಿತ್ 1983ರಲ್ಲೇ ತೋರಿಸಿದ್ದರು. ಆದರೂ ಎಲ್ಲರೂ ಹಾಗಿರುವುದಿಲ್ಲ.

ಪ್ರಶ್ನೆ ಕೇಳಿದವರು: ಮೇಡಂ, ಈಗ ನೀವು ಹೇಳಿದ ಹಾಗೇ ಕೇಳಿದೆ. 'ಕೆಳಗಿಂದು ಉದ್ದ ಕಾಣುತ್ತೆ. ಇರೋದು ಒಂದೇ. ನಿನ್ನೇನೇ ಸ್ಕೇಲ್ ಇಟ್ಟು ನೋಡಿದೀನಿ' ಅಂದ. ನಿನ್ನೆ ಯಾಕೆ ಹೇಳಲಿಲ್ವೋ ಅಂದ್ರೆ, 'ನೀನು ಕೇಳಲಿಲ್ಲ.'